ಐದು ವೋಲ್ಟಿನ ಕ್ರಿಸ್‌ಮಸ್ ನಕ್ಷತ್ರ

ಡಿಸೆಂಬರ್ ಬಂತು ಅಂದ್ರೆ ಮಂಗಳೂರು ಕಡೆ ಕ್ರಿಶ್ಚಿಯನ್ನರ ಮನೆ ಮುಂದೆ ನಕ್ಷತ್ರ ತೂಗುತ್ತೆ, ಪಕ್ಕದಲ್ಲೇ ಗೋದಲಿ ತಯಾರಾಗುತ್ತೆ. ಬೆಂಗಳೂರಿನ ಅಂಗಡಿಗಳಲ್ಲೂ ಮಡಚಿಟ್ಟ ಕಾಗದದ ನಕ್ಷತ್ರ ಸಿಗುತ್ತೆ. ಬಿಚ್ಚಿ, ಒಳಗೊಂದು ಬಲ್ಬ್ ಇಟ್ಟು ನೇತುಹಾಕಿದ್ರೆ ಕೆಲಸ ಮುಗೀತು. ಈ ಲೇಖನ ಅದರ ಬಗ್ಗೆ ಅಲ್ಲ. ಬಿದಿರು ಕಡ್ಡಿ ಕಟ್ಟಿ, ನಾವೇ ಸೋಲ್ಡರ್ ಮಾಡಿದ ಸರ್ಕ್ಯೂಟ್ ಇಟ್ಟು, ಮಿನುಗುವ ನಕ್ಷತ್ರ ಮಾಡೋದು ಹೇಗೆ ಅಂತ ನೋಡೋಣ. ಬೇಕಾಗುವ ಥಿಯರಿ ಮೊದಲ ವರ್ಷದ ಬೇಸಿಕ್ ಎಲೆಕ್ಟ್ರಾನಿಕ್ಸ್‌ನಲ್ಲೇ ಇದೆ. ಸಿವಿಲ್, ಮೆಕ್ಯಾನಿಕಲ್‌ನವರೂ ಓದಿ. ಚೌಕಟ್ಟು ಕಟ್ಟೋದ್ರಲ್ಲಿ ನೀವು ನಮಗಿಂತ ಮುಂದೆ.

ಯೇಸು ಹುಟ್ಟಿದಾಗ ಪೂರ್ವದ ಜ್ಞಾನಿಗಳಿಗೆ ದಾರಿ ತೋರಿಸಿದ ನಕ್ಷತ್ರ ಇದು ಅಂತ ಮತ್ತಾಯನ ಸುವಾರ್ತೆ ಹೇಳುತ್ತೆ. ಜರ್ಮನಿಯಲ್ಲಿ ಪ್ರಸಿದ್ಧವಾದ ಹೆರ್ನ್‌ಹೂಟ್ ನಕ್ಷತ್ರ ಶುರುವಾಗಿದ್ದು 19ನೇ ಶತಮಾನದಲ್ಲಿ, ನೀಸ್ಕಿ ಅನ್ನೋ ಊರಿನ ಮೊರೇವಿಯನ್ ಶಾಲೆಯಲ್ಲಿ, ಜಾಮಿಟ್ರಿ ಪಾಠದ ಭಾಗವಾಗಿ! ಅಂದ್ರೆ ಹಬ್ಬದ ನಕ್ಷತ್ರವನ್ನ ಲ್ಯಾಬ್ ಎಕ್ಸ್‌ಪೆರಿಮೆಂಟ್ ಮಾಡ್ತಿರೋರಲ್ಲಿ ನಾವೇನೂ ಮೊದಲಿಗರಲ್ಲ.

ಮೊದಲು ಒಂದು ಶಾರ್ಟ್‌ಕಟ್ ಬಗ್ಗೆ ಹೇಳಿಬಿಡ್ತೀನಿ. "ಮನೇಲಿ ಹಳೇ ಸೀರಿಯಲ್ ಸೆಟ್ ಇದೆ, ಅದನ್ನೇ ಕತ್ತರಿಸಿ ಒಳಗೆ ಹಾಕಿದ್ರೆ?" ಅಂತ ಎಲ್ಲರಿಗೂ ಅನ್ಸುತ್ತೆ. ಬೇಡ. 6 ವೋಲ್ಟಿನ ಪುಟ್ಟ ಬಲ್ಬ್‌ಗಳ ಹಳೇ ಸೆಟ್ ತಗೊಳ್ಳಿ: 230 ಅನ್ನು 6ರಿಂದ ಭಾಗಿಸಿದ್ರೆ ಸುಮಾರು 38 ಬಲ್ಬ್ ಸಾಲಾಗಿ ಬೇಕು. ಅದರಲ್ಲಿ ಹತ್ತನ್ನು ಕತ್ತರಿಸಿ ಪ್ಲಗ್‌ಗೆ ಸಿಕ್ಕಿಸಿದ್ರೆ ಒಂದೊಂದರ ಪಾಲಿಗೆ 23 ವೋಲ್ಟ್. ಹೋದ ಬಲ್ಬ್ ತೆಗೆದು ವೈರ್ ಸುತ್ತುವ ನಮ್ಮೂರ ರಿಪೇರಿಯಲ್ಲೂ ಇದೇ ಕಥೆ, ಉಳಿದವಕ್ಕೆ ಹೊರೆ ಏರುತ್ತಾ ಹೋಗುತ್ತೆ. ಈಗಿನ ಅಗ್ಗದ ಎಲ್‌ಇಡಿ ಸೆಟ್‌ಗಳು ಇನ್ನೂ ಮೋಸ. ಎಷ್ಟೋ ಸೆಟ್‌ಗಳ ಪುಟ್ಟ ಡಬ್ಬಿಯಲ್ಲಿ ಟ್ರಾನ್ಸ್‌ಫಾರ್ಮರೇ ಇರಲ್ಲ. ಎಲ್‌ಇಡಿ ನೋಡೋಕೆ 3 ವೋಲ್ಟಿನ ಪಾಪದ ವಸ್ತು, ಆದ್ರೆ ಅದರ ವೈರ್ ನೇರವಾಗಿ ಮೇನ್ಸ್‌ಗೇ ಸೇರಿರುತ್ತೆ. ಸಿಪ್ಪೆ ಸುಲಿದ ಜಾಗ ಮುಟ್ಟಿದ್ರೆ ಸಿಗೋದು 230 ವೋಲ್ಟಿನ ಶಾಕ್. ಕಾಗದ, ಒಣ ಬಿದಿರು, ಡಿಸೆಂಬರಿನ ಇಬ್ಬನಿ, ಕೆಳಗೆ ಓಡಾಡೋ ಮಕ್ಕಳು, ಇವುಗಳ ಮಧ್ಯೆ ಮೇನ್ಸ್ ಇರಲೇಬಾರದು. ನಮ್ಮ ನಕ್ಷತ್ರದ ಒಳಗೆ 5 ವೋಲ್ಟ್ ಮಾತ್ರ, ಒಳ್ಳೆಯ ಮೊಬೈಲ್ ಚಾರ್ಜರ್‌ನಿಂದ.

ಚೌಕಟ್ಟಿಗೆ ಗಾಳಿಪಟದ ಕಡ್ಡಿಯಂಥ ತೆಳು ಬಿದಿರು ಬೇಕು: 45 ಸೆಂಟಿಮೀಟರಿನ ಹತ್ತು, 10 ಸೆಂಟಿಮೀಟರಿನ ಐದು. ಪೆನ್ ಎತ್ತದೆ ಐದು ಮೂಲೆ ನಕ್ಷತ್ರ ಬರೀತೀವಲ್ಲ, ಹಾಗೆ ಐದೈದು ಕಡ್ಡಿಯಲ್ಲಿ ಎರಡು ನಕ್ಷತ್ರ ಕಟ್ಟಿ. ಒಂದರ ಮೇಲೊಂದು ಇಟ್ಟು ಐದು ತುದಿಗಳನ್ನ ಮಾತ್ರ ದಾರದಿಂದ ಬಿಗಿಯಿರಿ. ಆಮೇಲೆ ನಡುವೆ ಕಡ್ಡಿಗಳು ಅಡ್ಡ ಹಾಯುವ ಐದು ಜಾಗದಲ್ಲಿ ಗಿಡ್ಡ ಕಡ್ಡಿಗಳನ್ನ ನಿಲ್ಲಿಸಿ ಕಟ್ಟಿ. ಗಿಡ್ಡವು ಹೊರಗೆ ತಳ್ಳುತ್ತವೆ, ತುದಿಗಳು ಒಳಗೆ ಎಳೀತವೆ, ಚೌಕಟ್ಟು ತಾನೇ ಉಬ್ಬಿ ಬಿಗಿಯಾಗುತ್ತೆ. ಕಾಗದ ಕೊನೆಗೆ ಅಂಟಿಸೋದು, ಸರ್ಕ್ಯೂಟ್ ಟೆಸ್ಟ್ ಆದ್ಮೇಲೆ.

ತುದಿಗಳಲ್ಲಿ ಐದು ಕೆಂಪು ಎಲ್‌ಇಡಿ, ಒಳಗಿನ ಗಿಡ್ಡ ಕಡ್ಡಿಗಳ ಮೇಲೆ ಐದು ಹಳದಿ. ತುದಿ ಹೊತ್ತಿದಾಗ ಒಳಗೆ ಕತ್ತಲು, ಒಳಗೆ ಹೊತ್ತಿದಾಗ ತುದಿ ಕತ್ತಲು. ಪಾರದರ್ಶಕ ಎಲ್‌ಇಡಿ ಆದ್ರೆ ಬೆಳಕು ಒಂದೇ ಕಡೆ ಚುಕ್ಕೆಯಾಗಿ ಬೀಳುತ್ತೆ. ತಲೆಯನ್ನ ಸ್ಯಾಂಡ್ ಪೇಪರ್‌ಗೆ ಸ್ವಲ್ಪ ಉಜ್ಜಿ ಮಬ್ಬು ಮಾಡಿದ್ರೆ ಇಡೀ ಕಾಗದಕ್ಕೆ ಹರಡುತ್ತೆ.

ಪ್ರತಿ ಎಲ್‌ಇಡಿಗೂ ಅದರದ್ದೇ 330 ಓಮ್ ರೆಸಿಸ್ಟರ್. ಐದಕ್ಕೂ ಸೇರಿ ಒಂದೇ ಹಾಕಿದ್ರೆ ಆಗಲ್ವಾ? ಆಗಲ್ಲ. ಎಲ್‌ಇಡಿ ಬಲ್ಬ್ ಥರ ಅಲ್ಲ, ವೋಲ್ಟೇಜ್ ಚೂರು ಏರಿದ್ರೆ ಕರೆಂಟ್ ಸಿಕ್ಕಾಪಟ್ಟೆ ಏರುತ್ತೆ. ಐದರಲ್ಲಿ ಯಾವುದೋ ಒಂದರ ವೋಲ್ಟೇಜ್ ಸ್ವಲ್ಪ ಕಡಿಮೆ ಇದ್ರೆ ಅದೇ ಜಾಸ್ತಿ ಎಳ್ಕೊಂಡು ಬಿಸಿಯಾಗುತ್ತೆ, ಬಿಸಿಯಾದಷ್ಟೂ ಇನ್ನೂ ಎಳೆಯುತ್ತೆ. ಪಂಕ್ತಿಯಲ್ಲಿ ಒಬ್ಬನೇ ಎಲ್ಲರ ಪಾಯಸ ಹೊಡೆದ ಹಾಗೆ. ಬೇರೆ ಬೇರೆ ರೆಸಿಸ್ಟರ್ ಇದ್ರೆ ಎಲ್ಲರಿಗೂ ಸಮಪಾಲು. ಲೆಕ್ಕ: 5ರಲ್ಲಿ ಎಲ್‌ಇಡಿಗೆ 2 ವೋಲ್ಟ್, ಟ್ರಾನ್ಸಿಸ್ಟರಿಗೆ 0.2 ಕಳೆದ್ರೆ 2.8, ಅದನ್ನು 330ರಿಂದ ಭಾಗಿಸಿದ್ರೆ 8.5 ಮಿಲಿ ಆಂಪ್. ಐದಕ್ಕೆ ಸುಮಾರು 42. ಬಿಳಿ ಅಥವಾ ನೀಲಿ ಹಾಕೋದಾದ್ರೆ ಅವಕ್ಕೆ 3 ವೋಲ್ಟ್ ಬೇಕು, ರೆಸಿಸ್ಟರ್ 220 ಇರಲಿ.

ಮಿನುಗಿಸೋಕೆ ಆರ್ಡುಯಿನೊ ಬೇಡ. ಎರಡು ಟ್ರಾನ್ಸಿಸ್ಟರಿನ ಅಸ್ಟೇಬಲ್ ಮಲ್ಟಿವೈಬ್ರೇಟರ್ ಸಾಕು. ಎರಡು ಬಿಸಿ547ಬಿ, ಎರಡರ ಎಮಿಟರ್ ಮೈನಸ್‌ಗೆ. ಒಂದರ ಕಲೆಕ್ಟರ್‌ಗೆ ಕೆಂಪು ಗುಂಪಿನ ಗಿಡ್ಡ ಕಾಲುಗಳು, ಇನ್ನೊಂದಕ್ಕೆ ಹಳದಿಯವು. ಉದ್ದ ಕಾಲುಗಳು ರೆಸಿಸ್ಟರ್ ಮೂಲಕ ಪ್ಲಸ್‌ಗೆ. ಪ್ಲಸ್‌ನಿಂದ ಪ್ರತಿ ಬೇಸ್‌ಗೂ ಒಂದು 10 ಕಿಲೋ ಓಮ್. ಇದರ ಕಲೆಕ್ಟರ್‌ನಿಂದ ಅದರ ಬೇಸ್‌ಗೆ, ಅದರ ಕಲೆಕ್ಟರ್‌ನಿಂದ ಇದರ ಬೇಸ್‌ಗೆ 100 ಮೈಕ್ರೊಫ್ಯಾರಡ್ ಕೆಪಾಸಿಟರ್, ಪ್ಲಸ್ ಕಾಲು ಕಲೆಕ್ಟರ್ ಕಡೆಗೆ. ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಮಾಡಿ ಹಿಡಿದ್ರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್.

ಪುಸ್ತಕದ ಸರ್ಕ್ಯೂಟ್‌ಗಳಲ್ಲಿ ಬೇಸ್‌ಗೆ 47 ಕಿಲೋ ಓಮ್ ಕಂಡ್ರೆ ಅದನ್ನೇ ಹಾಕ್ಬೇಡಿ. ಅಲ್ಲಿ ಸಾಮಾನ್ಯವಾಗಿ ಒಂದೊಂದು ಕಡೆ ಒಂದೇ ಎಲ್‌ಇಡಿ ಇರುತ್ತೆ. 47 ಕಿಲೋದಲ್ಲಿ ಬೇಸ್ ಕರೆಂಟ್ ಸುಮಾರು 0.09 ಮಿಲಿ ಆಂಪ್. ಅದರಿಂದ 42 ಬರಬೇಕಂದ್ರೆ ಗೇನ್ 460ರಷ್ಟು ಬೇಕು. ಬಿಸಿ547ಬಿಯ ಗೇನ್ 200ರಿಂದ 450. ಟ್ರಾನ್ಸಿಸ್ಟರ್ ಪೂರ್ತಿ ಆನ್ ಆಗದೆ ನಕ್ಷತ್ರ ಮಂಕಾಗುತ್ತೆ. 10 ಕಿಲೋ ಹಾಕಿದ್ರೆ 0.43 ಮಿಲಿ ಆಂಪ್ ಸಿಗುತ್ತೆ, ಗೇನ್ 100 ಇದ್ರೂ ನಡೆಯುತ್ತೆ. ಜಾಸ್ತಿ ಬೆಳಕು ಬರಲಿ ಅಂತ 9 ವೋಲ್ಟ್ ಬ್ಯಾಟರಿಗೂ ಹೋಗ್ಬೇಡಿ. ಪ್ರತಿ ಸಲ ಬದಲಾದಾಗ ಕೆಪಾಸಿಟರ್ ಬೇಸನ್ನು ಸೊನ್ನೆಗಿಂತ ಕೆಳಗೆ ಎಳೆಯುತ್ತೆ. ಉಲ್ಟಾ ದಿಕ್ಕಿನಲ್ಲಿ ಆ ಜಂಕ್ಷನ್ ತಡೆಯೋದು 6 ವೋಲ್ಟ್ ಅಂತ ಡೇಟಾಶೀಟ್‌ನಲ್ಲಿದೆ. 5 ವೋಲ್ಟಲ್ಲಿ ಆ ಚಿಂತೆ ಇಲ್ಲ.

ಈಗ ವೈವಾದಲ್ಲಿ ಕೇಳಬಹುದಾದ ಮಜಾ ವಿಷಯ. ಸೂತ್ರದ ಪ್ರಕಾರ ಒಂದು ಕಡೆ ಹೊತ್ತಿರೋ ಸಮಯ 0.69 × ಆರ್ × ಸಿ, ಅಂದ್ರೆ 0.69 ಸೆಕೆಂಡ್. ಮೊಬೈಲಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆದು ಎಣಿಸಿದ್ರೆ ಅದಕ್ಕಿಂತ ಕಡಿಮೆ ಬರುತ್ತೆ, ಅರ್ಧ ಸೆಕೆಂಡಿನ ಆಸುಪಾಸು. ಸೂತ್ರ ಸುಳ್ಳಲ್ಲ. ಕಲೆಕ್ಟರ್‌ನಲ್ಲಿ ಬರೀ ರೆಸಿಸ್ಟರ್ ಇದೆ, ಕೆಪಾಸಿಟರ್ ಪೂರ್ತಿ 5 ವೋಲ್ಟಿನ ಹತ್ತಿರ ಚಾರ್ಜ್ ಆಗುತ್ತೆ ಅಂತ ಅದು ಅಂದ್ಕೊಂಡಿದೆ. ಇಲ್ಲಿ ದಾರಿಯಲ್ಲಿ ಎಲ್‌ಇಡಿ ಕೂತಿದೆ, ತನಗೆ 1.6 ವೋಲ್ಟಿಗಿಂತ ಕಡಿಮೆ ಉಳಿದಾಗ ಅದು ಬಾಗಿಲು ಹಾಕಿಬಿಡುತ್ತೆ. ಕೆಪಾಸಿಟರ್ ಅರೆಹೊಟ್ಟೆ, ಹಾಗಾಗಿ ಬೇಗ ಮುಗಿಯುತ್ತೆ. ನಂಬಿಕೆ ಬರದಿದ್ರೆ ಪ್ರತಿ ಕಲೆಕ್ಟರ್‌ನಿಂದ ಪ್ಲಸ್‌ಗೆ ಒಂದು 1 ಕಿಲೋ ಓಮ್ ಸೇರಿಸಿ ಮತ್ತೆ ಎಣಿಸಿ, ಸಮಯ ಸೂತ್ರದ ಹತ್ತಿರ ಬರುತ್ತೆ. ನೋಡೋ ಕಣ್ಣಿಗೆ ಎರಡೂ ಚೆನ್ನಾಗೇ ಇರುತ್ತೆ. ಇನ್ನೂ ನಿಧಾನ ಬೇಕಂದ್ರೆ ಕೆಪಾಸಿಟರ್ 220 ಮಾಡಿ.

ಪವರ್‌ಗೆ ಹಳೇ ಯುಎಸ್‌ಬಿ ಕೇಬಲ್ ಕತ್ತರಿಸಿ. ಸಾಮಾನ್ಯವಾಗಿ ಕೆಂಪು ಪ್ಲಸ್, ಕಪ್ಪು ಮೈನಸ್, ಆದ್ರೂ ಮಲ್ಟಿಮೀಟರ್ ಇಟ್ಟು ನೋಡಿಯೇ ಜೋಡಿಸಿ. ಉಳಿದ ವೈರ್‌ಗಳಿಗೆ ಟೇಪ್ ಸುತ್ತಿ. ಪವರ್ ಬ್ಯಾಂಕ್ ಇಟ್ರೆ ಎಷ್ಟೋ ಸಲ ಸ್ವಲ್ಪ ಹೊತ್ತಿಗೆ ಆರಿಹೋಗುತ್ತೆ. ಸರ್ಕ್ಯೂಟ್ ಕೆಟ್ಟಿರಲ್ಲ, ನಮ್ಮ ನಕ್ಷತ್ರ ಎಳೆಯೋದು 45 ಮಿಲಿ ಆಂಪಿನ ಒಳಗೆ, ಅಷ್ಟು ಕಡಿಮೆ ಕರೆಂಟ್ ಕಂಡು ಪವರ್ ಬ್ಯಾಂಕ್ ಯಾವ ಫೋನೂ ಇಲ್ಲ ಅಂದ್ಕೊಂಡು ಮಲಗಿಬಿಡುತ್ತೆ. ಅದಕ್ಕೇ ಚಾರ್ಜರ್ ವಾಸಿ. ಚಾರ್ಜರ್ ಮಾತ್ರ ರೂಮಿನ ಒಳಗಿನ ಸಾಕೆಟ್‌ನಲ್ಲೇ ಇರಲಿ. ಕಿಟಕಿಯಿಂದ ಹೊರಗೆ ಬರೋದು ಕೇಬಲ್, ಅದರ ತುದಿಗೆ ನಕ್ಷತ್ರ.