ಮನೆಯ ಗೋಡೆಯೊಳಗಿನ ಕಡಜದ ಗೂಡು

ನರಗುಂದ ತಾಲೂಕಿನ ಚಿಕ್ಕನರಗುಂದವು ಎರೆಭೂಮಿಯ ಗ್ರಾಮವು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವದರಿಂದ ಇಂಥ ಊರುಗಳಲ್ಲಿ ಅಡಿಪಾಯವು ಅಲುಗಿ ಗೋಡೆಗಳು ಸೀಳುವದುಂಟು. ಎರಡೂ ಮಗ್ಗಲು ಕಲ್ಲಿಟ್ಟು ನಡುವೆ ಮಣ್ಣು ತುಂಬಿದ ಹಳೆಯ ಗೋಡೆಗಳಲ್ಲಿ ಆ ಮಣ್ಣು ಕುಸಿದು ಪೊಳ್ಳಾಗುವದು; ಇಲಿಗಳು ಅದನ್ನು ಇನ್ನಷ್ಟು ಅಗಲಮಾಡುವವು. ಕಡಜಕ್ಕೆ ಬೇಕಾದುದು ಇಷ್ಟೇ: ಮಳೆ ತಾಕದ ಪೊಳ್ಳು, ಒಳಹೋಗಲು ಬೆರಳುಗಾತ್ರದ ರಂಧ್ರ.

ಗೋಡೆಯಲ್ಲಿ ಕಂಡ ಪ್ರತಿಯೊಂದು ಹುಳವೂ ವೈರಿಯಲ್ಲ. ಜಂತಿಯ ಬದಿಗೆ ಮಣ್ಣಿನ ಗೂಡು ಮಾಡುವ ಕುಂಬಾರಹುಳವು ಒಂಟಿಯಾಗಿ ಬಾಳುವದು. ಅದನ್ನು ಹಿಡಿದು ಹಿಸುಕದ ಹೊರತು ಚುಚ್ಚುವದು ವಿರಳ. ಕಾಗದದಂಥ ಸಣ್ಣ ಗೂಡು ಕಟ್ಟುವ ಕಂದು ಕಡಜವು ಬೆಳೆಯ ಹುಳುಗಳನ್ನು ಹಿಡಿದು ಮರಿಗಳಿಗೆ ಉಣಿಸುವದರಿಂದ ಒಕ್ಕಲಿಗನಿಗೆ ಉಪಕಾರಿಯು. ಈ ಬಗೆಯ ಒಂದು ಜಾತಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ ಅವರು ದಶಕಗಳ ಕಾಲ ಅಭ್ಯಾಸಮಾಡಿರುವರು. ಶೀತದೇಶಗಳಲ್ಲಿ ಚಳಿ ಬಂದೊಡನೆ ಗೂಡು ಅಳಿಯುವದು. ದಕ್ಷಿಣ ಭಾರತದಲ್ಲಿ ಈ ಜಾತಿಯ ಗೂಡು ವರ್ಷವಿಡೀ ನಡೆಯುವದು. ಆದುದರಿಂದ ತಾನಾಗಿ ಹೋದೀತೆಂದು ಕಾಯುವದು ವ್ಯರ್ಥವು. ಜನ ತಿರುಗಾಡದ ಹಿತ್ತಲಗೋಡೆಯಲ್ಲಿದ್ದರೆ ಅದನ್ನು ಬಿಟ್ಟುಬಿಡುವದೇ ಲೇಸು.

ಹೊಟ್ಟೆಗೆ ಅಗಲವಾದ ಹಳದಿ ಪಟ್ಟಿಯುಳ್ಳ ದೊಡ್ಡ ಕಡಜದ ಮಾತು ಬೇರೆ. ಅದು ಬಾಗಿಲ ಬಳಿಯ ಗೋಡೆಯಲ್ಲಾಗಲಿ ಗೋದಲಿಯ ಹಿಂದಾಗಲಿ ನೆಲೆಸಿದರೆ ಮಕ್ಕಳಿಗೂ ದನಗಳಿಗೂ ಅಪಾಯವು. ಜೇನುಹುಳದ ಮುಳ್ಳು ಮೈಯಲ್ಲಿ ಉಳಿಯುವದು. ಕಡಜದ ಮುಳ್ಳು ಉಳಿಯದ ಕಾರಣ ಒಂದೇ ಹುಳವು ಮೇಲಿಂದ ಮೇಲೆ ಚುಚ್ಚಬಲ್ಲದು. ಗೂಡಿನ ಬಳಿ ಒಂದನ್ನು ಹೊಸಕಿದರೆ ಅದರ ವಾಸನೆಗೆ ಉಳಿದವು ಕೆರಳಿ ಮುತ್ತುವವು.

ಇಲ್ಲಿ ಸಾಮಾನ್ಯವಾಗಿ ನಡೆಯುವ ಎರಡು ತಪ್ಪುಗಳನ್ನು ಹೇಳಲೇಬೇಕು. ಮೊದಲನೆಯದು, ಹಗಲಲ್ಲಿ ರಂಧ್ರಕ್ಕೆ ಮಣ್ಣು ಮೆತ್ತುವದು. ಒಳಗೆ ಸಿಕ್ಕ ಹುಳಗಳು ಮತ್ತೊಂದು ಸೀಳು ಹುಡುಕಿ ಮಲಗುವ ಕೋಣೆಗೇ ಇಳಿಯುವವು. ಎರಡನೆಯದು, ಸೀಮೆಎಣ್ಣೆಯ ಪಂಜು. ಜಂತಿ ಕಟ್ಟಿಗೆಯದು, ಹಿತ್ತಲಲ್ಲಿ ಕಣಿಕೆಯ ಬಣವೆ. ಕಡಜಕ್ಕಾಗಿ ಮನೆಯನ್ನೇ ಸುಡುವದು ಯಾವ ಜಾಣತನ?

ಮೊದಲು ಹತ್ತು ಮೊಳ ದೂರದಿಂದ ಹುಳಗಳು ಹೊಕ್ಕು ಹೊರಡುವ ರಂಧ್ರವನ್ನು ಗುರುತಿಸತಕ್ಕದ್ದು. ಒಳಗೋಡೆಯ ಸೀಳುಗಳನ್ನು ನೋಡಿ ಮುಚ್ಚತಕ್ಕದ್ದು. ಸಂಜೆಗೆ ದನಗಳನ್ನು ಬೇರೆಡೆ ಕಟ್ಟಿ, ಕತ್ತಲಾದ ಮೇಲೆ ಮೈ, ಮುಖ, ಕೈಗಳನ್ನು ಪೂರ್ಣ ಮುಚ್ಚಿಕೊಂಡು, ಬ್ಯಾಟರಿಗೆ ಕೆಂಪು ಕಾಗದ ಸುತ್ತಿ ಹೋಗಬೇಕು. ಕೆಂಪು ಬೆಳಕು ಅವುಗಳಿಗೆ ಅಷ್ಟಾಗಿ ಕಾಣದು. ಮನೆಬಳಕೆಗೆ ಒಪ್ಪಿತವಾದ ಪೈರೆಥ್ರಾಯ್ಡ್ ಔಷಧವನ್ನು, ಅದರ ಚೀಟಿಯಲ್ಲಿ ಹೇಳಿದಂತೆ, ರಂಧ್ರದೊಳಗೆ ಹೊಡೆದು ಕೂಡಲೇ ಹಿಂದೆ ಸರಿಯಬೇಕು. ಹೊಲದ ಔಷಧವನ್ನು ಮನೆಯೊಳಗೆ ತರಲಾಗದು, ಹಳೆಯ ಬಿ.ಎಚ್.ಸಿ. ಪುಡಿಯಂತೂ 1997ರಲ್ಲಿಯೇ ನಿಷೇಧವಾದುದು. ಏಣಿ ಹತ್ತಬೇಕಾದಷ್ಟು ಎತ್ತರದ ಗೂಡಿಗೆ, ಅಥವಾ ಮೊದಲೊಮ್ಮೆ ಕಡಿತದಿಂದ ಮೈಯೆಲ್ಲ ಊದಿದವನಿಗೆ, ಈ ಕೆಲಸ ಸಲ್ಲದು, ನುರಿತವರನ್ನು ಕರೆಯಿಸಬೇಕು.

ಚುಚ್ಚಿಸಿಕೊಂಡಲ್ಲಿ ತೊಳೆದು ತಣ್ಣೀರ ಬಟ್ಟೆ ಇಟ್ಟರೆ ಸಾಮಾನ್ಯ ಉರಿ ತಗ್ಗುವದು. ಆದರೆ ತುಟಿ ಗಂಟಲು ಊದಿದರೆ, ಉಸಿರು ಕಟ್ಟಿದರೆ, ತಲೆ ತಿರುಗಿದರೆ, ಅಥವಾ ಅನೇಕ ಹುಳಗಳು ಚುಚ್ಚಿದ್ದರೆ, ಸುಣ್ಣ ಹಚ್ಚುತ್ತ ಕೂಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯತಕ್ಕದ್ದು. ಅಲ್ಲಿ ಅಡ್ರಿನಲಿನ್ ಸೂಜಿಯೇ ಪ್ರಾಣ ಉಳಿಸುವದು.

ಎರಡು-ಮೂರು ದಿನ ಒಂದು ಹುಳವೂ ಹೋಗಿಬರುವದು ಕಾಣದಿದ್ದರೆ ಮಾತ್ರ ಗೋಡೆಯನ್ನು ಕೆದರಿ ಹಳೆಯ ಗೂಡನ್ನು ತೆಗೆದು, ಪೊಳ್ಳಿಗೆ ಹರಳು ಮತ್ತು ನಾದಿದ ಮಣ್ಣನ್ನು ಬಿಗಿಯಾಗಿ ತುಂಬಿ ಮೇಲೆ ಗಿಲಾವು ಮಾಡಬೇಕು. ಎರೆಮಣ್ಣು ಒಣಗಿದಂತೆ ಬಿರಿಯುವದರಿಂದ ಈ ಕೆಲಸಕ್ಕೆ ಹೊಟ್ಟು ಕಲಸಿದ ಕೆಂಪುಮಣ್ಣೇ ಮೇಲು.