ಗರ್ಭಿಣಿ, ಬೀಡಿ ಹೊಗೆ ಮತ್ತು ನವಜಾತ ಶಿಶು: ಹತ್ತನೇ ತರಗತಿಯ ಒಂದು ಪಾಠ

ಹೊಸಪೇಟೆ–ಕಂಪ್ಲಿ ರಸ್ತೆಯ ಊರೊಂದರ ಪ್ರೌಢಶಾಲೆಯಲ್ಲಿ ನನ್ನ ಬೋಧನಾಭ್ಯಾಸ ನಡೆಯಿತು. ಹತ್ತನೇ ತರಗತಿಯ ಸಂತಾನೋತ್ಪತ್ತಿ ಘಟಕದಲ್ಲಿ ಜರಾಯುವಿನ ಕಾರ್ಯವನ್ನು ಬೋಧಿಸುವಾಗ, ಅದಕ್ಕೆ ಹೊಂದಿಕೊಂಡಂತೆ ಧೂಮಪಾನದ ಪರಿಣಾಮ ಕುರಿತು ಒಂದು ಅವಧಿಯ ಪಾಠಯೋಜನೆ ಸಿದ್ಧಪಡಿಸಿದೆ.

ಕಲಿಕೆಯ ಉದ್ದೇಶಗಳು
1. ತಾಯಿಯ ರಕ್ತದಿಂದ ಭ್ರೂಣಕ್ಕೆ ಜರಾಯುವಿನ ಮೂಲಕ ಏನೇನು ಸಾಗುತ್ತದೆ ಎಂದು ವಿವರಿಸುವುದು.
2. ಬೇರೆಯವರು ಸೇದಿದ ಹೊಗೆಯೂ ಮಗುವನ್ನು ಹೇಗೆ ತಲುಪುತ್ತದೆ ಎಂದು ಗುರುತಿಸುವುದು.

ಚಟುವಟಿಕೆ
ಕೋಣೆಯ ಮೂಲೆಯಲ್ಲಿ ಒಂದು ಊದಿನಕಡ್ಡಿ ಹಚ್ಚಿ, ವಾಸನೆ ಬಂದವರು ಕೈ ಎತ್ತಿರಿ ಎಂದೆ. ಕಿಟಕಿಗಳು ತೆರೆದಿದ್ದರೂ ಸ್ವಲ್ಪ ಹೊತ್ತಿನಲ್ಲೇ ಕೊನೆಯ ಬೆಂಚಿನ ಕೈಗಳೂ ಮೇಲೆದ್ದವು. ‘ಹಚ್ಚಿದವರು ಒಬ್ಬರು, ಉಸಿರಾಡಿದವರು ಎಲ್ಲರೂ’ ಎಂದು ಮಕ್ಕಳೇ ಹೇಳಿದರು. ಪರೋಕ್ಷ ಧೂಮಪಾನದ ಅರ್ಥವನ್ನು ನಾನು ಬೇರೆ ಹೇಳಬೇಕಾಗಲಿಲ್ಲ.

ವಿವರಣೆ
ತಂಬಾಕಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್, ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ನಿಕೋಟಿನ್ ರಕ್ತನಾಳಗಳನ್ನು ಸಂಕುಚಿಸುತ್ತದೆ. ಎರಡೂ ಜರಾಯುವನ್ನು ದಾಟುತ್ತವೆ. ಹೀಗಾಗಿ ಭ್ರೂಣಕ್ಕೆ ಸಿಗುವ ಆಕ್ಸಿಜನ್ ಕಡಿಮೆಯಾಗುತ್ತದೆ. ತಾಯಿಯೇ ಸೇದಿದರೆ ಮಗುವಿನ ಜನನ ತೂಕ ಸರಾಸರಿ ಸುಮಾರು 200 ಗ್ರಾಂ ಇಳಿಯುತ್ತದೆ. ಅವಧಿಪೂರ್ವ ಹೆರಿಗೆ ಮತ್ತು ಹಠಾತ್ ಶಿಶುಮರಣದ ಅಪಾಯ ಏರುತ್ತದೆ. ಪರೋಕ್ಷ ಹೊಗೆಯಿಂದ ತೂಕ ಇಳಿಯುವ ಪ್ರಮಾಣ ಇದಕ್ಕಿಂತ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. 2.5 ಕೆ.ಜಿ.ಗಿಂತ ಕಡಿಮೆ ಇದ್ದರೆ ಅದು ಕಡಿಮೆ ಜನನ ತೂಕ. ಕಡ್ಡಿಪುಡಿ, ಗುಟ್ಕಾಗಳಲ್ಲಿ ಹೊಗೆ ಇಲ್ಲದಿದ್ದರೂ ನಿಕೋಟಿನ್ ಇದೆ ಎಂಬುದನ್ನೂ ಸೇರಿಸಿದೆ.

ಎದುರಾದ ಪ್ರಶ್ನೆ
ಕಪ್ಪುಹಲಗೆಯ ಮೇಲೆ ನಾನು ‘ಧೂಮಪಾನದಿಂದ ಕಡಿಮೆ ತೂಕದ ಮಗು ಹುಟ್ಟುತ್ತದೆ’ ಎಂದು ಬರೆದಿದ್ದೆ. ಒಬ್ಬ ಹುಡುಗ ಎದ್ದು ನಿಂತ. ‘ಸರ್, ನಮ್ಮಕ್ಕ ಹೆರಿಗೆಗೆ ನಮ್ಮನಿಗೇ ಬಂದಾಳ್ರಿ. ಕೂಸು ಎರಡೇ ಕೆ.ಜಿ. ಐತ್ರಿ. ನಮ್ಮಪ್ಪ ಮನ್ಯಾಗ ಬೀಡಿ ಸೇದ್ತಾನ. ಅಪ್ಪಂದೇ ತಪ್ಪೇನ್ರಿ?’

ತರಗತಿ ಸ್ತಬ್ಧವಾಯಿತು. ನನ್ನ ವಾಕ್ಯವೇ ಆ ಹುಡುಗನನ್ನು ಅಲ್ಲಿಗೆ ತಂದು ನಿಲ್ಲಿಸಿತ್ತು. ಅದನ್ನು ಅಳಿಸಿ, ‘ಕಡಿಮೆ ತೂಕದ ಮಗು ಹುಟ್ಟುವ ಅಪಾಯವನ್ನು ಧೂಮಪಾನ ಹೆಚ್ಚಿಸುತ್ತದೆ’ ಎಂದು ಬರೆದೆ. ತಾಯಿಯ ರಕ್ತಹೀನತೆ, ಅಪೌಷ್ಟಿಕತೆ, ಎಳೆಯ ವಯಸ್ಸಿನ ಬಸಿರು, ತಿಂಗಳು ತುಂಬುವ ಮುನ್ನ ಹೆರಿಗೆ, ಇವೂ ಕಾರಣಗಳಾಗಬಹುದು. ಒಂದು ಮಗುವನ್ನು ನೋಡಿ ‘ಇದೇ ಕಾರಣ’ ಎನ್ನಲಾಗದು ಎಂದೆ. ‘ಆದರೆ ಇವತ್ತಿನಿಂದ ಕೂಸಿಗೆ ಹೊಗೆ ತಾಗದಂತೆ ನೋಡಿಕೊಳ್ಳುವುದು ನಿಮ್ಮಪ್ಪನ ಕೈಯಲ್ಲೇ ಇದೆ’ ಎಂದಾಗ ಹುಡುಗ ಕುಳಿತ.

ನಮ್ಮಲ್ಲಿ ಬಾಣಂತಿ ಕೋಣೆಯ ಬಾಗಿಲು, ಕಿಟಕಿಗಳನ್ನು ಗಾಳಿ ತಾಗೀತೆಂದು ಮುಚ್ಚುತ್ತಾರೆ. ಒಳಗೆ ಬಂದ ಹೊಗೆ ಅಲ್ಲೇ ನಿಲ್ಲುತ್ತದೆ. 2003ರ ತಂಬಾಕು ನಿಯಂತ್ರಣ ಕಾಯ್ದೆ ಸಂಡೂರಿನ ಸರ್ಕಾರಿ ಕಚೇರಿಯಲ್ಲೂ ಹಂಪಿಗೆ ಹೋಗುವ ಬಸ್ಸಿನಲ್ಲೂ ಧೂಮಪಾನವನ್ನು ನಿಷೇಧಿಸುತ್ತದೆ, ಮನೆಯೊಳಗೆ ಬರುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಮನೆಮಂದಿಯ ಮಾತು ಮಾತ್ರ.

ಮೌಲ್ಯಮಾಪನ
ಮನೆಯ ಹಿರಿಯರಿಗೆ ಬೈಯದೆ, ನೋಯಿಸದೆ ಹೇಳಬಹುದಾದ ಎರಡು ವಾಕ್ಯ ಬರೆಯಲು ಕೊಟ್ಟೆ. ಗಟ್ಟಿಯಾಗಿ ಓದುವ ಒತ್ತಾಯ ಇರಲಿಲ್ಲ. ಆ ಹುಡುಗ ಬರೆದದ್ದು: ‘ಅಪ್ಪಾ, ಕೂಸು ಇರೋತನಕ ಒಳಗ ಬೀಡಿ ಹಚ್ಚಬ್ಯಾಡ. ಬಿಟ್ರ ಇನ್ನೂ ಚಲೋ.’ ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356ನ್ನು ಎಲ್ಲರಿಂದ ಬರೆಸಿದೆ.

ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸೂಚನೆ ಒಂದೇ. ಆರೋಗ್ಯ ಪಾಠದ ಯೋಜನೆ ಬರೆಯುವಾಗ ಪ್ರತಿ ವಾಕ್ಯವನ್ನೂ, ಆ ತೊಂದರೆ ಇರುವ ಮನೆಯಿಂದ ಬಂದ ಮಗುವಿನ ಕಿವಿಯಿಂದ ಒಮ್ಮೆ ಕೇಳಿಸಿಕೊಳ್ಳಿ. ‘ಕಾರಣ’ ಮತ್ತು ‘ಅಪಾಯ’ ಎಂಬ ಪದಗಳ ವ್ಯತ್ಯಾಸ ಆಗ ನಮಗೂ ತಿಳಿಯುತ್ತದೆ.