ಟೆನಿಸ್ ಪಣದ ದರದಲ್ಲಿ ಅಡಗಿದ ಪಾಲು

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಕಡೆ ಮಟಕಾ ಎಂದರೇನೆಂದು ಯಾರಿಗೂ ವಿವರಿಸಬೇಕಿಲ್ಲ. ಕಲ್ಯಾಣಜಿ ಭಗತ್ 1962ರಲ್ಲಿ ಮುಂಬೈಯಲ್ಲಿ ಶುರು ಮಾಡಿದ ಆ ಆಟದ ಲೆಕ್ಕ ಸರಳ. ಸೊನ್ನೆಯಿಂದ ಒಂಬತ್ತರವರೆಗೆ 10 ಅಂಕಿ. ಹಚ್ಚಿದ ಅಂಕಿ ಬಂದರೆ ರೂಪಾಯಿಗೆ 9 ಕೊಡುವುದು ರೂಢಿ. ಹತ್ತೂ ಅಂಕಿಗೆ ಒಂದೊಂದು ರೂಪಾಯಿ ಹಚ್ಚಿದವನು 10 ಕೊಟ್ಟು 9 ಪಡೆಯುತ್ತಾನೆ. ಉಳಿದ ಒಂದು ಬುಕ್ಕಿಯದು. ಮಟಕಾವನ್ನು ಮನೆ ಮುರಿಯುವ ಚಟವೆಂದು ದೂರವಿಟ್ಟವರೇ ಈಗ ಮೊಬೈಲಿನಲ್ಲಿ ಟೆನಿಸ್ ಪಂದ್ಯಕ್ಕೆ ಹಣ ಕಟ್ಟುವಾಗ, ಇದು ಅದೃಷ್ಟವಲ್ಲ, ಬುದ್ಧಿಯ ಕೆಲಸ ಎಂದುಕೊಳ್ಳುತ್ತಾರೆ. ದಶಾಂಶದ ದರಗಳು ಆ ಭ್ರಮೆಗೆ ಇಂಬು ಕೊಡುತ್ತವೆ. ನನ್ನ ವಾದ ಇಷ್ಟೇ: ಬುಕ್ಕಿಯ ಪಾಲು ಇಲ್ಲಿಯೂ ಇದೆ. ಒಂದು ಸಲಕ್ಕೆ ಅದು ಮಟಕಾಕ್ಕಿಂತ ಚಿಕ್ಕದು. ಆದರೆ ಅದು ಕಾಣಿಸುವುದಿಲ್ಲ, ಪದೇಪದೇ ಕೀಳುತ್ತದೆ.

ಒಂದು ಪಂದ್ಯಕ್ಕೆ 1.25 ಮತ್ತು 3.80 ಎಂಬ ದರ ಇದೆ ಎನ್ನೋಣ. ಮೊದಲ ಆಟಗಾರನ ಮೇಲೆ 1,000 ಕಟ್ಟಿ ಗೆದ್ದರೆ ಕೈಗೆ 1,250, ಲಾಭ 250. ಒಂದನ್ನು ದರದಿಂದ ಭಾಗಿಸಿದರೆ ಆ ದರ ಒಪ್ಪಿಕೊಂಡಿರುವ ಗೆಲುವಿನ ಸಾಧ್ಯತೆ ಸಿಗುತ್ತದೆ: ಒಬ್ಬನಿಗೆ ಶೇ. 80, ಇನ್ನೊಬ್ಬನಿಗೆ ಶೇ. 26.3. ಕೂಡಿಸಿದರೆ ಶೇ. 106.3. ಗೆಲ್ಲುವವನು ಒಬ್ಬನೇ ಆದ್ದರಿಂದ ಮೊತ್ತ ನೂರನ್ನು ದಾಟುವಂತಿಲ್ಲ. ದಾಟಿದ ಆ ಭಾಗವೇ ಬುಕ್ಕಿಯ ಪಾಲು. ಅದನ್ನು ತೆಗೆದು ನೋಡಿದರೆ ಮೊದಲ ಆಟಗಾರ ಗೆಲ್ಲುವುದು ನೂರರಲ್ಲಿ ಸುಮಾರು 75 ಸಲ. ಅವನ ಮೇಲೆ ನೂರು ಸಲ ಸಾವಿರದಂತೆ ಕಟ್ಟಿದವನಿಗೆ ಒಂದು ಲಕ್ಷಕ್ಕೆ 93,750 ಮರಳುತ್ತದೆ. ನಾಲ್ಕರಲ್ಲಿ ಮೂರು ಸಲ ಸರಿಯಾಗಿ ಹೇಳಿಯೂ 6,250 ಕಳೆದುಕೊಂಡಂತಾಯಿತು.

ಟೆನಿಸ್ ಬಲ್ಲವನಿಗೆ ಈ ಲೆಕ್ಕ ತಗಲುವುದಿಲ್ಲ ಎಂಬ ಆಕ್ಷೇಪ ಬರುತ್ತದೆ. 2022ರಲ್ಲಿ ವಿಂಬಲ್ಡನ್‌ನ 14 ವರ್ಷದೊಳಗಿನವರ ಸ್ಪರ್ಧೆಯಲ್ಲಿ ಆಡಿದ ಐಶ್ವರ್ಯಾ ಜಾಧವಳ ಊರು ಇದೇ ಕೊಲ್ಹಾಪುರ. ಆಟ ಬಲ್ಲವರು ಇಲ್ಲಿ ಇದ್ದಾರೆ, ನಿಜ. ಆದರೆ ರ‍್ಯಾಂಕಿಂಗ್, ಅಂಗಳ, ಗಾಯ ಎಲ್ಲವೂ ದರದೊಳಗೆ ಮೊದಲೇ ಸೇರಿರುತ್ತವೆ. ಯಾರು ಗೆಲ್ಲುತ್ತಾರೆಂದು ತಿಳಿದರೆ ಸಾಲದು, ದರ ತಪ್ಪಾಗಿದೆ ಎಂದು ತಿಳಿದಿರಬೇಕು, ಅದೂ ಬುಕ್ಕಿಯ ಪಾಲನ್ನು ಮೀರುವಷ್ಟು. ಜೊತೆಗೆ, ಕೆಳಹಂತದ ಟೂರ್ನಿಗಳಲ್ಲಿ ಆಟವೇ ಶುದ್ಧವೆಂಬ ಖಾತ್ರಿಯಿಲ್ಲ: ಟೆನಿಸ್ ಕುರಿತ 2018ರ ಸ್ವತಂತ್ರ ಪರಿಶೀಲನಾ ವರದಿಗಾಗಿ ಕೇಳಿದ 3,200ಕ್ಕೂ ಹೆಚ್ಚು ಆಟಗಾರರಲ್ಲಿ 464 ಮಂದಿ ಮ್ಯಾಚ್ ಫಿಕ್ಸಿಂಗ್ ತಮಗೆ ನೇರವಾಗಿ ಗೊತ್ತೆಂದರು.

ವಾರಕ್ಕೆ ಸಾವಿರ ಮನರಂಜನೆಗೆ ಹೋದರೇನು ಎಂಬುದು ಇನ್ನೊಂದು ಮಾತು. ಸಾವಿರಕ್ಕೇ ನಿಂತರೆ ಒಪ್ಪಬಹುದಿತ್ತು. ಮಗ್ಗದ ಪಗಾರದಿಂದ ತೆಗೆದ ಆ ಸಾವಿರ ಸೆಟ್‌ನಿಂದ ಸೆಟ್‌ಗೆ, ಪಾಯಿಂಟ್‌ನಿಂದ ಪಾಯಿಂಟ್‌ಗೆ ತಿರುಗುತ್ತದೆ. ಶೇ. 5ರ ಪಾಲಿನಲ್ಲಿ ಸಾವಿರದಂತೆ 20 ಸಲ ಕಟ್ಟಿದರೆ ಸರಾಸರಿ ನಷ್ಟ ಪೂರ್ತಿ ಸಾವಿರ. ಗೆದ್ದ ಹಣ ಕೊಡದಿದ್ದರೆ ಕೋರ್ಟೂ ಕೈ ಹಿಡಿಯುವುದಿಲ್ಲ: 1872ರ ಕರಾರು ಕಾಯ್ದೆಯ 30ನೇ ಕಲಮಿನಂತೆ ಪಣದ ಒಪ್ಪಂದ ಅಸಿಂಧು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಹಣ ಕಟ್ಟುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ನಡೆಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿಯವರೆಗೆ ದಂಡ. ಆಮೇಲೂ ಕದ್ದುಮುಚ್ಚಿ ನಡೆಯುವ ಆ್ಯಪ್‌ಗೆ ಕಟ್ಟಿದ ಹಣಕ್ಕೆ ವಾರಸುದಾರರಿಲ್ಲ. ಇನ್ನು, ಷೇರೂ ಜೂಜೇ ಎನ್ನುವವರಿಗೆ ಉತ್ತರ: ಷೇರಿನ ಹಿಂದೆ ದುಡಿಯುವ ಕಂಪನಿಯಿದೆ, ಎಲ್ಲರ ಪಾಲೂ ಬೆಳೆಯಬಹುದು, ಪಣದಲ್ಲಿ ಸೋತವರ ಹಣವೇ ಗೆದ್ದವರಿಗೆ, ಅದೂ ಬುಕ್ಕಿಯ ಪಾಲು ಕಳೆದು. ಆದ್ದರಿಂದ ದರದ ಲೆಕ್ಕವನ್ನು ಎಲ್ಲರೂ ಕಲಿಯಲಿ, ಮಕ್ಕಳಿಗೂ ಕಲಿಸಲಿ. ಅದನ್ನು ಸರಿಯಾಗಿ ಕಲಿತವನಿಗೆ ಪಣ ಕಟ್ಟಲು ಕಾರಣವೇ ಉಳಿಯುವುದಿಲ್ಲ.